ಹನ್ನೊಂದು ಟೊಳ್ಳು ಕಲ್ಲುಗಳು

ಚೆನ್ನೈನ ಒಂದು ಮನೆ ಕಟ್ಟುವ ಕಂಪನಿಯಲ್ಲಿ ಇಪ್ಪತ್ತಾರು ವರ್ಷ ನಾನು ಮಾಡಿದ್ದು ಏನು ಅಂತ ಯಾರಾದರೂ ಕೇಳಿದರೆ, ಗೋಡೆ ತಟ್ಟಿದೆ ಅನ್ನುತ್ತೇನೆ. ತಮಾಷೆಯಲ್ಲ. ಮನೆಯನ್ನು ಮಾಲೀಕರಿಗೆ ಒಪ್ಪಿಸುವ ಮುಂಚೆ ಹೊರಗೋಡೆಯನ್ನು ಸಣ್ಣ ಕಬ್ಬಿಣದ ಸರಳಿನಿಂದ ತಟ್ಟುತ್ತಾ ಹೋಗಬೇಕು. ಗಾರೆ ಗೋಡೆಗೆ ಸರಿಯಾಗಿ ಕಚ್ಚಿಕೊಂಡಿದ್ದರೆ ಟಣ್ ಅನ್ನುತ್ತದೆ, ಒಳಗೆ ಗಾಳಿ ಸೇರಿಕೊಂಡಿದ್ದರೆ ಡಬ್ ಅನ್ನುತ್ತದೆ. ಡಬ್ ಅಂದ ಕಡೆ ಸೀಮೆಸುಣ್ಣದಲ್ಲಿ ಗುಣಿಸುವ ಚಿಹ್ನೆ ಹಾಕಿ, ಕಿತ್ತು ಮತ್ತೆ ಮಾಡಿ ಎಂದು ಬರೆದುಕೊಡಬೇಕು. ಮಾರ್ಕೆಟ್ಟಿನಲ್ಲಿ ತೆಂಗಿನಕಾಯಿ ಆರಿಸುವಾಗ ನನ್ನ ಹೆಂಡತಿ ಸುಮಿತ್ರ, "ನಿಮ್ಮ ವಿದ್ಯೆ ಇಲ್ಲಿ ಸ್ವಲ್ಪ ತೋರಿಸಿ" ಎಂದು ಕಾಯನ್ನು ನನ್ನ ಕೈಗೆ ಕೊಡುತ್ತಿದ್ದಳು. ಎಷ್ಟೋ ಸಲ ಕೊಳೆತ ಕಾಯನ್ನೇ ಮನೆಗೆ ತಂದಿದ್ದೇನೆ.

ಈಗ ಈ ಕೆಲಸಕ್ಕೆ ಹೊಸದಾಗಿ ಸೇರುತ್ತಿರುವ ಹುಡುಗ ಹುಡುಗಿಯರು ಫೋನ್ ಮಾಡಿ ಏನೇನೋ ಕೇಳುತ್ತಾರೆ. ಗೋಡೆಗೆ ಬಳಿಯುವ ಯಾವ ಪುಟ್ಟಿ ಒಳ್ಳೆಯದು, ಯಾವ ಬಣ್ಣ ಉದುರುವುದಿಲ್ಲ ಎಂದೆಲ್ಲ. ಅದನ್ನೆಲ್ಲ ಡಬ್ಬಿಯ ಮೇಲೆ ಬರೆದಿರುತ್ತಾರೆ. ಬರೆಯದೆ ಇರುವುದು ಹೆದರಿಕೆಯ ವಿಷಯ. ಅದರಲ್ಲಿ ಮಾತ್ರ ನನಗೆ ಬೇಕಾದಷ್ಟು ಅನುಭವವಿದೆ, ಯಾಕೆಂದರೆ ನಾನು ಹುಟ್ಟಾ ಪುಕ್ಕಲ. ಕೊಳ್ಳೇಗಾಲದಲ್ಲಿ ಓದುವಾಗ ಬಾವಿಕಟ್ಟೆಯ ಹತ್ತಿರವೂ ಹೋಗುತ್ತಿರಲಿಲ್ಲ. ಅಂಥವನನ್ನು ಕರೆತಂದು ಐದು ಮಹಡಿ ಎತ್ತರದ ಸಾರಂ ಮೇಲೆ ನಿಲ್ಲಿಸಿದರು. ಸಾರಂ ಅಂದರೆ ಸರ್ವೆ ಮರದ ಕಂಬಗಳನ್ನು ಹಗ್ಗದಲ್ಲಿ ಕಟ್ಟಿ, ನಿಲ್ಲುವುದಕ್ಕೆ ಹಲಗೆ ಹಾಕಿರುವ ಅಟ್ಟಣಿಗೆ. ಮೊದಲ ವರ್ಷ ಅದರ ಮೇಲೆ ನಿಂತು ಗೋಡೆ ತಟ್ಟಿದ್ದಕ್ಕಿಂತ ಕಂಬ ತಬ್ಬಿಕೊಂಡದ್ದೇ ಹೆಚ್ಚು.

ಎತ್ತರದ ಹೆದರಿಕೆಯನ್ನು ಮೀರಿಸುವ ಇನ್ನೊಂದು ಹೆದರಿಕೆ ನನಗೆ ಅಣ್ಣಾ ನಗರದ ಒಂದು ಕೆಲಸದಲ್ಲಿ ಬಂತು. ಹೊಸ ಕಟ್ಟಡಕ್ಕೆ ಕೆಟ್ಟ ಕಣ್ಣು ಬೀಳದಿರಲಿ ಎಂದು ಇಲ್ಲಿ ಹುಲ್ಲು ತುಂಬಿದ ಗೊಂಬೆಗೆ ಅಂಗಿ ಪ್ಯಾಂಟು ತೊಡಿಸಿ ಮುಂದಿನ ಗೋಡೆಗೆ ಕಟ್ಟುತ್ತಾರೆ. ಗೃಹಪ್ರವೇಶದವರೆಗೆ ಅದನ್ನು ಯಾರೂ ಮುಟ್ಟುವ ಹಾಗಿಲ್ಲ. ನಾನೂ ಮುಟ್ಟಲಿಲ್ಲ. ಸುತ್ತಲೂ ತಟ್ಟಿ, ಗೊಂಬೆಯ ಹಿಂದಿನ ಗೋಡೆಯನ್ನು ಮಾತ್ರ ಬಿಟ್ಟು, ಎಲ್ಲ ಸರಿಯಿದೆ ಎಂದು ಬರೆದೆ. ಗೃಹಪ್ರವೇಶದ ಹಿಂದಿನ ದಿನ ಗೊಂಬೆ ಬಿಚ್ಚಿದರು. ಮಧ್ಯಾಹ್ನ ಅದರ ಹಿಂದಿದ್ದ ಗಾರೆ ಒಂದು ತಟ್ಟೆಯಗಲ ಕಳಚಿಕೊಂಡು, ಕೆಳಗಿದ್ದ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಬಿತ್ತು. ಕುರ್ಚಿಯ ನಾಲ್ಕು ಕಾಲೂ ನಾಲ್ಕು ದಿಕ್ಕಿಗೆ ಹೋದವು. ಕುರ್ಚಿಯಲ್ಲಿ ಕೂತಿರುತ್ತಿದ್ದ ವಾಚ್‌ಮನ್ ಟೀ ತರಲು ಹೋಗಿದ್ದ. ವಾಪಸ್ ಬಂದವನು ಟೀ ಲೋಟ ಕೈಯಲ್ಲಿ ಹಿಡಿದುಕೊಂಡೇ ಆ ಕುರ್ಚಿಯನ್ನು ನೋಡುತ್ತಾ ನಿಂತ. ಆ ದಿನದಿಂದ ನಾನು ಗೋಡೆ ನೋಡುವ ಮುಂಚೆ ಗೋಡೆಯ ಕೆಳಗೆ ಯಾರಿದ್ದಾರೆ ಎಂದು ನೋಡುತ್ತೇನೆ. ಈಗಲೂ ಬೀದಿಯಲ್ಲಿ ಹೋಗುವಾಗ ಸುಮಿತ್ರಳ ತೋಳು ಹಿಡಿದು ಆಚೆಗೆ ಎಳೆಯುತ್ತೇನೆ. ಜನ ನಮ್ಮನ್ನು ಹೊಸದಾಗಿ ಮದುವೆಯಾದವರು ಅಂದುಕೊಳ್ಳುವ ವಯಸ್ಸು ನಮ್ಮದಲ್ಲ.

ಕೆಲಸದ ರೀತಿ ಬಹಳ ಬದಲಾಯಿತು. ನಾನು ಸೇರಿದಾಗ ಗಾರೆ ಕೆಲಸದವರು ಕಾಂಕ್ರೀಟ್ ಮೈಯನ್ನು ಉಳಿಯಿಂದ ಕೊಚ್ಚಿ ಒರಟು ಮಾಡಿ, ಆಮೇಲೆ ಗಾರೆ ಬಳಿಯುತ್ತಿದ್ದರು. ವಾರಗಟ್ಟಲೆ ಗೋಡೆಗೆ ನೀರು ಹಾಕುತ್ತಿದ್ದರು. ಆಮೇಲಾಮೇಲೆ ಎಲ್ಲರಿಗೂ ಅವಸರ ಬಂತು. ಒದ್ದೆ ಗಾರೆ ಬೇಗ ಗಟ್ಟಿಯಾಗಲಿ ಎಂದು ಮೇಲೆ ಒಣ ಸಿಮೆಂಟು ಉದುರಿಸಿ ಉಜ್ಜಿಬಿಡುತ್ತಿದ್ದರು. ಅಂಥ ಗೋಡೆ ಆ ದಿನ ಕನ್ನಡಿಯ ಹಾಗೆ ಹೊಳೆಯುತ್ತದೆ. ಮೂರು ತಿಂಗಳಿಗೆ ಮೈತುಂಬ ಕೂದಲೆಳೆ ಬಿರುಕು. ಈಗ ಡ್ರೋನ್ ಹಾರಿಸಿ ಫೋಟೋ ತೆಗೆದು, ಟ್ಯಾಬ್‌ನಲ್ಲಿ ಹಸಿರು ಗುರುತು ಒತ್ತುತ್ತಾರೆ. ಒಳ್ಳೆಯದೇ. ಆದರೆ ಡ್ರೋನಿಗೆ ಬಿರುಕು ಕಾಣುತ್ತದೆ, ಟೊಳ್ಳು ಕೇಳಿಸುವುದಿಲ್ಲ. ದಯವಿಟ್ಟು ಸರಳನ್ನು ಮೂಲೆಗೆ ಎಸೆಯಬೇಡಿ.

ಇಷ್ಟು ಪೀಠಿಕೆ ಸಾಕು. ನಾನು ಬರೆಯಬೇಕೆಂದು ಕೂತದ್ದು ವೇಲಚೇರಿಯ ಮನೆಯ ವಿಷಯ. ಅದನ್ನು ಬರೆಯುವುದಕ್ಕೂ ಹೆದರಿಕೆಯೇ.

ಕೆಳಗೆ ಕಾರು ನಿಲ್ಲಿಸುವ ಜಾಗ, ಮೇಲೆ ಮೂರು ಮಹಡಿ. ಮಾಲೀಕರು ಶ್ರೀಕಂಠಯ್ಯ, ಮೈಸೂರಿನ ಕಡೆಯವರು, ವಿಮಾ ಕಂಪನಿಯಲ್ಲಿ ಅಧಿಕಾರಿಯಾಗಿದ್ದು ಚೆನ್ನೈನಲ್ಲೇ ನಿವೃತ್ತರಾದವರು. ಹೆಂಡತಿ ಪದ್ಮಕ್ಕ. ಮನೆಯ ಮುಂಭಾಗಕ್ಕೆ ಎರಡನೆಯ ಮಹಡಿಯಿಂದ ತಾರಸಿಯವರೆಗೆ ಮರಳುಗಲ್ಲಿನ ಹೊದಿಕೆ ಬೇಕು ಎಂದು ಅವರ ಆಸೆ. ಒಂದೊಂದು ಕಲ್ಲು ಎರಡಡಿ ಉದ್ದ, ಒಂದಡಿ ಅಗಲ. ಇಂಥ ಕಲ್ಲನ್ನು ಅಷ್ಟು ಎತ್ತರದಲ್ಲಿ ಹಾಕುವುದಾದರೆ ಹಿಂಬದಿಗೆ ಪೂರ್ತಿ ಅಂಟು ಬಳಿಯಬೇಕು, ಉಕ್ಕಿನ ಕೊಕ್ಕೆಯನ್ನೂ ಕೊಟ್ಟು ಗೋಡೆಗೆ ಹಿಡಿಸಬೇಕು. ಕೊಕ್ಕೆ ಬರುವುದು ತಡವಾಯಿತು. ಗೃಹಪ್ರವೇಶಕ್ಕೆ ಶ್ರಾವಣದ ಮುಹೂರ್ತ ಇಟ್ಟಾಗಿತ್ತು. ನಮ್ಮ ಪ್ರಾಜೆಕ್ಟ್ ಮ್ಯಾನೇಜರ್ ರಂಗರಾಜನ್ ಸಾರ್ ಹೇಳಿದ ಮೇಲೆ, ಕೆಲಸದವರು ಕಲ್ಲಿನ ಹಿಂದೆ ಐದು ಕಡೆ ಸಿಮೆಂಟಿನ ಉಂಡೆ ಇಟ್ಟು, ರೊಟ್ಟಿ ತಟ್ಟಿದ ಹಾಗೆ ಗೋಡೆಗೆ ಒತ್ತಿ ಮುಗಿಸಿದರು.

ಸಾರಂ ಬಿಚ್ಚುವ ಹಿಂದಿನ ಸಂಜೆ ನಾನು ಹತ್ತಿ ತಟ್ಟಿದೆ. ಡಬ್. ಪಕ್ಕದ್ದು ಡಬ್. ಒಟ್ಟು ಹನ್ನೊಂದು ಕಲ್ಲು. ಹನ್ನೊಂದಕ್ಕೂ ಗುರುತು ಹಾಕಿ ಕೆಳಗಿಳಿದೆ. ಬೆಳಗ್ಗೆ ಬರುವಷ್ಟರಲ್ಲಿ ಸೀಮೆಸುಣ್ಣದ ಗುರುತನ್ನು ಪೈಪು ಹಿಡಿದು ತೊಳೆದಾಗಿತ್ತು. ಸಾರಂ ಅರ್ಧ ಬಿಚ್ಚಿದ್ದರು. ರಂಗರಾಜನ್ ಸಾರ್ ಕಾಗದ ಹಿಡಿದು ನಿಂತಿದ್ದರು.

"ಸಾರ್, ಹನ್ನೊಂದು ಕಲ್ಲು ಟೊಳ್ಳಿದೆ" ಅಂದೆ.

ಅವರು ನಕ್ಕರು. "ಏನ್ ಸಾರ್ ಇಪ್ಪಡಿ ಬಯಪ್ಪಡ್ರೀಂಗ?" ಅಂದರು. ಯಾಕೆ ಹೀಗೆ ಹೆದರುತ್ತೀರಿ ಎಂದು. ಆಮೇಲೆ ನಗು ನಿಲ್ಲಿಸಿ, ಮುಹೂರ್ತ ತಪ್ಪಿದರೆ ಮಾಲೀಕರಿಗೆ ಉತ್ತರ ಕೊಡುವವರು ಯಾರು, ನೀವಾ, ಎಂದು ಕೇಳಿದರು. ಅವರ ದನಿ ಏರಿದರೆ ನಾನು ಎಲ್ಲದಕ್ಕೂ ಹ್ಞೂಂ ಅಂದುಬಿಡುತ್ತಿದ್ದೆ. ನನಗೆ ಆಗ ಐವತ್ತಾರು. ನಿವೃತ್ತಿಗೆ ಇನ್ನೆರಡು ವರ್ಷ ಇತ್ತು. ಆ ವಯಸ್ಸಿನಲ್ಲಿ ಗೋಡೆ ತಟ್ಟುವವನನ್ನು ಬೇರೆ ಯಾರು ಕರೆದು ಕೆಲಸ ಕೊಡುತ್ತಾರೆ? ಹೊರಮೈಯಲ್ಲಿ ದೋಷವಿಲ್ಲ ಎನ್ನುವ ಕಾಗದಕ್ಕೆ ನಾನು ಸಹಿ ಹಾಕಿದೆ. ಸಹಿ ಸೊಟ್ಟಗಾಯಿತು. ಅದಕ್ಕೆ ಇನ್ನೊಂದು ಪ್ರತಿ ತರಿಸಿ, ನೆಟ್ಟಗೆ ಹಾಕಿಸಿಕೊಂಡರು.

ಗೃಹಪ್ರವೇಶವಾಗಿ ಹತ್ತು ದಿನಕ್ಕೆ, ಸಣ್ಣಪುಟ್ಟ ಕೊರತೆ ಕೇಳಿ ಬರಲು ನನ್ನನ್ನೇ ಕಳಿಸಿದರು. ಬೆಳಗ್ಗೆ ಬೇಗ ಹೋಗಿದ್ದೆ. ಗೇಟಿನ ಮುಂದೆ ಪದ್ಮಕ್ಕ ಬಗ್ಗಿಕೊಂಡು ರಂಗೋಲಿ ಹಾಕುತ್ತಿದ್ದರು. ಸರಿಯಾಗಿ ಆ ಕಲ್ಲುಗಳ ಕೆಳಗೆ. ತಲೆ ಸ್ನಾನ ಮಾಡಿ ಕೂದಲನ್ನು ಮೇಲಕ್ಕೆ ಕಟ್ಟಿದ್ದರು, ಕತ್ತು ಬರಿದಾಗಿತ್ತು. ನಾನು ಮೇಲೆ ನೋಡಿದೆ, ಕತ್ತು ನೋಡಿದೆ, ಮತ್ತೆ ಮೇಲೆ ನೋಡಿದೆ.

"ಉಳ್ಳ ವಾಂಗೋ" ಅಂದರು ತಮಿಳಿನಲ್ಲಿ, ಯಾಕೆ ಹಾಗೆ ನಿಂತಿರಿ, ಒಳಗೆ ಬನ್ನಿ ಎಂದು. ನಾನು ಬಾಯಿ ತಪ್ಪಿ ಕನ್ನಡದಲ್ಲಿ ಉತ್ತರ ಕೊಟ್ಟೆ. "ಅಯ್ಯೋ, ನಮ್ಮ ಕಡೆಯವ್ರಾ ನೀವು? ಇಷ್ಟು ದಿನ ಹೇಳ್ಲೇ ಇಲ್ವಲ್ಲ! ಬನ್ನಿ ಬನ್ನಿ, ಕಾಫಿ ಕುಡ್ಕೊಂಡೇ ಹೋಗ್ಬೇಕು."

ಒಳಗೆ ಹೋಗಿ ಕೂತೆ. ಶ್ರೀಕಂಠಯ್ಯನವರು ಭೂತಗನ್ನಡಿ ಇಟ್ಟುಕೊಂಡು ಒಳಗೋಡೆಯ ಬಿರುಕುಗಳನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿದ್ದರು. ಕಿಟಕಿಯ ಕೆಳಗೆ ಬಿಳಿ ಉಪ್ಪು ಬಿಟ್ಟಿದೆ, ಬಚ್ಚಲ ಹೊರಗೋಡೆಯ ಬಣ್ಣ ಉಬ್ಬಿದೆ ಎಂದು ಮುಕ್ಕಾಲು ಗಂಟೆ ಓದಿದರು. ಪದ್ಮಕ್ಕ ಮಾತ್ರ ಒಂದೇ ಪ್ರಶ್ನೆ ಕೇಳಿದರು. "ಇವ್ರು ಬಿಡಿ, ಇನ್ಶೂರೆನ್ಸ್‌ನಲ್ಲಿದ್ದು ಎಲ್ಲದ್ರಲ್ಲೂ ಹುಳುಕು ಹುಡುಕೋದು ಅಭ್ಯಾಸ. ನೀವು ಹೇಳಿ ನಾಗೇಂದ್ರ ಅವ್ರೇ, ನಮ್ಮವ್ರೇ ಅಂತ ಕೇಳ್ತಿದ್ದೀನಿ. ಮನೆ ಗಟ್ಟಿಮುಟ್ಟಾಗಿದೆ ತಾನೆ?"

"ಗಟ್ಟಿಯಾಗಿದೆ ಪದ್ಮಕ್ಕ" ಅಂದೆ.

ಆ ವಾರದಿಂದ ನನಗೆ ನಿದ್ದೆ ಬಿಟ್ಟುಹೋಯಿತು. ಭಾನುವಾರ ಬೆಳಕು ಹರಿಯುವ ಮುಂಚೆ ಎದ್ದು, ದೇವಸ್ಥಾನಕ್ಕೆ ಎಂದು ಸುಮಿತ್ರಳಿಗೆ ಸುಳ್ಳು ಹೇಳಿ, ಅಣ್ಣಾ ನಗರದ ನಮ್ಮ ಮನೆಯ ಹತ್ತಿರ ಬಸ್ಸು ಹತ್ತಿ, ಎಗ್ಮೋರಿನಲ್ಲಿ ಬದಲಿಸಿ ವೇಲಚೇರಿಗೆ ಹೋಗುತ್ತಿದ್ದೆ. ಎದುರುಸಾಲಿನ ಟೀ ಅಂಗಡಿಯಲ್ಲಿ ನಿಂತು ಪದ್ಮಕ್ಕ ರಂಗೋಲಿ ಹಾಕಿ ಮುಗಿಸುವವರೆಗೆ ಮೇಲೆ ನೋಡುತ್ತಿದ್ದೆ. ನಾನು ನೋಡುತ್ತಿದ್ದರೆ ಕಲ್ಲು ಬೀಳುವುದಿಲ್ಲ ಎಂಬ ಹಾಗೆ. ಎಂಜಿನಿಯರಿಂಗ್ ಓದಿದವನು ನಾನು! ಉಳಿದ ಆರು ದಿನ ಯಾರು ನೋಡುತ್ತಾರೆ ಎಂದು ಬಸ್ಸಿನಲ್ಲಿ ವಾಪಸ್ ಬರುವಾಗ ಮತ್ತೆ ಭಯ ಶುರುವಾಗುತ್ತಿತ್ತು. ಫೋನ್ ಬಂದರೆ ಬೆಚ್ಚಿ ಬೀಳುತ್ತಿದ್ದೆ. ದೇವರಿಗೆ ಮುಗಿಯಲು ಕೈ ಜೋಡಿಸಿದರೆ ಆ ಬರಿಗತ್ತೇ ಕಣ್ಣಮುಂದೆ ಬರುತ್ತಿತ್ತು.

ಮಳೆಗಾಲ ಹತ್ತಿರ ಬಂತು. ಚೆನ್ನೈಗೆ ಮಳೆ ಬರುವುದು ದೀಪಾವಳಿಯ ಆಸುಪಾಸು. ಕಲ್ಲಿನ ಸಂದಿಯಲ್ಲಿ ನೀರು ಇಳಿದರೆ ಉಂಡೆಗಳು ಎಷ್ಟು ದಿನ ತಡೆಯುತ್ತವೆ? ಇನ್ನು ಹೇಳಲೇಬೇಕು ಎಂದು ನಿರ್ಧರಿಸಿ, ಒಂದು ದಿನ ಹೋಗಿ ಅವರ ಮನೆಯ ಸೋಫಾದಲ್ಲಿ ಕೂತೆ. ಗಂಡ ಹೆಂಡತಿ ಇಬ್ಬರೂ ಎದುರಿಗಿದ್ದರು. ಬಾಯಿ ತೆರೆದೆ. ಮೊದಲು ರಂಗರಾಜನ್ ಸಾರ್ ಮುಖ ನೆನಪಾಯಿತು, ಆಮೇಲೆ ನೆಟ್ಟಗಿದ್ದ ನನ್ನ ಸಹಿ.

"ಪದ್ಮಕ್ಕ, ಆ ಗೇಟಿನ ಮುಂದೆ ರಂಗೋಲಿ ಹಾಕ್ಬೇಡಿ" ಅಂದೆ.

"ಯಾಕೆ?"

"ಅದು... ವಾಸ್ತು ಪ್ರಕಾರ ಆ ಜಾಗ ಸರಿಯಿಲ್ಲ. ಅಲ್ಲಿ ನಿಲ್ಲೋದು, ಕೂರೋದು, ಓಡಾಡೋದು ಯಾವ್ದೂ ಒಳ್ಳೇದಲ್ಲ. ಪಕ್ಕದ ಗೇಟು ಇದ್ಯಲ್ಲ, ಈಶಾನ್ಯಕ್ಕೆ, ಅಲ್ಲೇ ಎಲ್ಲ ಇಟ್ಕೊಳ್ಳಿ. ಮನೆ ಯಜಮಾನಿಗೆ ಒಳ್ಳೇದು."

ನನಗೆ ವಾಸ್ತುವಿನ ಗಂಧಗಾಳಿ ಇಲ್ಲ. ಬಾಯಿಗೆ ಬಂದದ್ದು ಹೇಳಿದೆ. ಶ್ರೀಕಂಠಯ್ಯನವರು ಭೂತಗನ್ನಡಿಯ ಮನುಷ್ಯ, ಜಗಳಕ್ಕೆ ಬರುತ್ತಾರೆ ಎಂದು ಕಾದೆ. ಅವರು ಎದ್ದು ಹೋಗಿ ಬೀಗ ತಂದರು. "ಮೊದ್ಲೇ ಹೇಳ್ಬಾರ್ದಿತ್ತಾ ನಾಗೇಂದ್ರ ಅವ್ರೇ! ಅದಕ್ಕೇ ಇವಳಿಗೆ ಬಂದಾಗ್ನಿಂದ ಮಂಡಿನೋವು" ಎಂದು ಹತ್ತು ನಿಮಿಷದಲ್ಲಿ ಮುಂದಿನ ಗೇಟಿಗೆ ಬೀಗ ಬಿತ್ತು. ಗೋಡೆ ಟೊಳ್ಳು ಅಂದಿದ್ದರೆ ಲೆಟರ್ ಬರೆಯುತ್ತಿದ್ದರು, ಮೀಟಿಂಗ್ ಕರೆಯುತ್ತಿದ್ದರು, ಆರು ತಿಂಗಳು ಎಳೆಯುತ್ತಿತ್ತು. ವಾಸ್ತು ಅಂದದ್ದಕ್ಕೆ ಒಂದು ಪ್ರಶ್ನೆಯಿಲ್ಲ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ. ಕಲ್ಲು ಬಿದ್ದರೂ ಬರೀ ನೆಲಕ್ಕೆ ಬೀಳುತ್ತದೆ, ನನ್ನ ಕೆಲಸವೂ ಉಳಿಯುತ್ತದೆ. ಮೂರು ವಾರ ಗೊರಕೆ ಹೊಡೆದು ನಿದ್ದೆ ಮಾಡಿದೆ ಎಂದು ಸುಮಿತ್ರ ಹೇಳಿದಳು. ಭಾನುವಾರಗಳಲ್ಲಿ ವೇಲಚೇರಿಗೆ ಹೋಗುವುದನ್ನೂ ಬಿಟ್ಟೆ.

ಮೊದಲ ಮಳೆ ಸುರಿದ ಮಾರನೆಯ ದಿನ, ಒಳಗೋಡೆಗೆ ನೀರು ಇಳಿದಿದೆಯೇ ನೋಡಲು ಹೋದೆ. ಮುಚ್ಚಿದ ಗೇಟಿನ ಮುಂದೆ ಒಂದು ಇಸ್ತ್ರಿ ಗಾಡಿ ನಿಂತಿತ್ತು. ನಲವತ್ತು ದಾಟಿದ ಹೆಂಗಸೊಬ್ಬಳು ಕೆಂಡದ ಇಸ್ತ್ರಿಪೆಟ್ಟಿಗೆ ಹಿಡಿದು ಅಂಗಿ ತೀಡುತ್ತಿದ್ದಳು. ಗೋಡೆಯ ನೆರಳು ಅವಳ ಮೇಲೆ ತಣ್ಣಗೆ ಬಿದ್ದಿತ್ತು.

ಪದ್ಮಕ್ಕ ಬಾಲ್ಕನಿಯಿಂದಲೇ ಹೇಳಿದರು. "ಕಸ್ತೂರಿ ಅಂತ. ಎದುರುಗಡೆ ಬಿಸಿಲಲ್ಲಿ ನಿಂತು ಸಾಯ್ತಿದ್ಲು, ಪಾವಂ. ಹೇಗೂ ನಾವು ಉಪಯೋಗಿಸದ ಜಾಗ, ನಿಂತ್ಕೊ ಅಂದೆ."

"ವಾಸ್ತು..." ಅಂದೆ.

"ಅದು ಮನೆ ಯಜಮಾನಿಗೆ ಅಂದ್ರಲ್ಲ ನೀವು! ಅವಳು ಹೊರಗಿನವಳು, ಅವಳಿಗೇನಾಗುತ್ತೆ?"

ಪದ್ಮಕ್ಕ ದಿನಕ್ಕೆ ಹತ್ತು ನಿಮಿಷ ಆ ಕಲ್ಲುಗಳ ಕೆಳಗೆ ಇರುತ್ತಿದ್ದರು. ಈಕೆ ಬೆಳಗ್ಗೆಯಿಂದ ಸಂಜೆಯವರೆಗೆ ನಿಂತಿರುತ್ತಾಳೆ. ಅವಳನ್ನು ಅಲ್ಲಿಗೆ ತಂದು ನಿಲ್ಲಿಸಿದವನು ನಾನು. ಹತ್ತಿರ ಹೋಗಿ, ಇಲ್ಲಿಂದ ಗಾಡಿ ತೆಗೆಯಮ್ಮ ಅಂದೆ. ಅವಳು ಆಡಿದ್ದೆಲ್ಲ ತಮಿಳು, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಯಾಕೆ ಸಾರ್?"

"ರಸ್ತೆ ಬದಿ ಗಾಡಿಗಳನ್ನ ಎತ್ತಿಸ್ತಾರಂತೆ."

"ಎಲ್ಲಾ ಕಡೇನೂ ಎತ್ತಿಸ್ತಾರೆ ಸಾರ್. ಹನ್ನೆರಡು ವರ್ಷದಲ್ಲಿ ಒಂಬತ್ತು ಜಾಗ ಬದಲಾಯಿಸಿದೀನಿ. ನಿಂತ್ಕೊ ಅಂತ ಕರೆದು ಜಾಗ ಕೊಟ್ಟಿದ್ದು ಈ ಅಮ್ಮ ಒಬ್ರೇ. ಬಿಡಲ್ಲ."

ಅವಳಿಗೆ ಹೇಳಲು ನನ್ನ ಬಳಿ ಇನ್ನೊಂದು ಸುಳ್ಳು ಇರಲಿಲ್ಲ. ನಿಜ ಒಂದೇ ಉಳಿದಿತ್ತು. ಅದನ್ನೂ ಹೇಳದೆ ಬಸ್ಸು ಹತ್ತಿದೆ. ಈ ಸಾಲನ್ನು ಮೂರು ಸಲ ಹೊಡೆದುಹಾಕಿ ಮತ್ತೆ ಬರೆದಿದ್ದೇನೆ. ಹೌದು, ಮೇಲೆ ಟೊಳ್ಳು ಕಲ್ಲು, ಕೆಳಗೆ ಹೆಂಗಸು, ಎರಡನ್ನೂ ಕಣ್ಣಾರೆ ನೋಡಿ ಬಸ್ಸು ಹತ್ತಿದೆ.

ಎಂಟು ದಿನ ಕಳೆಯಿತು. ನಾಳೆ ಹೇಳುತ್ತೇನೆ, ನಾಳೆ ಹೇಳುತ್ತೇನೆ ಅಂದುಕೊಂಡೆ. ನಡುವೆ ಎರಡು ದಿನ ಬಿಡದೆ ಮಳೆ ಹೊಡೆಯಿತು. ಮಳೆಯಲ್ಲಿ ಅವಳು ಬಂದಿರುವುದಿಲ್ಲ ಎಂದು ಸಮಾಧಾನ ಮಾಡಿಕೊಂಡೆ. ಒಂಬತ್ತನೆಯ ದಿನ ಬಿಸಿಲು ಬಂತು. ಬಿಸಿಲು ಕಂಡ ಕೂಡಲೆ ಅವಳು ನೆರಳಿಗೆ ಬಂದಿರುತ್ತಾಳೆ ಎಂದು ಹೊಳೆಯಿತು. ಆಫೀಸಿಗೆ ಹೊರಟವನು ಆಟೋ ಹಿಡಿದು ವೇಲಚೇರಿಗೆ ಹೋದೆ.

ಗಾಡಿ ಅಲ್ಲೇ ಇತ್ತು. ಮೇಲಿನಿಂದ ಎರಡನೆಯ ಸಾಲಿನ ಒಂದು ಕಲ್ಲಿನ ಕೆಳ ಅಂಚು ಗೋಡೆ ಬಿಟ್ಟು ಮುಂದಕ್ಕೆ ಬಂದಿತ್ತು. ಅದರ ಕೆಳಗೆ ಒಂದು ಕಪ್ಪು ಗೆರೆ, ಗೆರೆಯಿಂದ ಇಳಿದ ಬಿಳಿ ಉಪ್ಪಿನ ಜಾಡು. ಕಸ್ತೂರಿ ಒಂದು ಸೀರೆಯನ್ನು ಕೊಡವುತ್ತಿದ್ದಳು. ನಾನು ಓಡಿಹೋಗಿ ಗಾಡಿಯ ಹಿಡಿ ಹಿಡಿದು ಗೋಡೆಯಿಂದ ದೂರಕ್ಕೆ ಎಳೆದೆ. ಮಡಚಿಟ್ಟ ಬಟ್ಟೆಯೆಲ್ಲ ಕೆಸರಿಗೆ ಬಿತ್ತು. ಅವಳು ಕಿರುಚಿದಳು. ನಾನೂ ಕಿರುಚುತ್ತಿದ್ದೆ, ಏನೆಂದು ನನಗೇ ಗೊತ್ತಿಲ್ಲ. ಟೀ ಅಂಗಡಿಯವನು ಬಂದು ನನ್ನ ಕೊರಳಪಟ್ಟಿ ಹಿಡಿದ. ಶ್ರೀಕಂಠಯ್ಯ, ಪದ್ಮಕ್ಕ ಓಡಿಬಂದರು.

"ಕಲ್ಲು ಬೀಳುತ್ತೆ! ಹನ್ನೊಂದು ಕಲ್ಲು ಟೊಳ್ಳು! ನನಗೆ ಗೊತ್ತಿತ್ತು!" ಅಂದೆ. ಕನ್ನಡದಲ್ಲಿ ಒಂದು ಸಲ, ತಮಿಳಿನಲ್ಲಿ ಒಂದು ಸಲ.

ಎಲ್ಲರೂ ರಸ್ತೆಯ ಆಚೆ ಬದಿಗೆ ಹೋಗಿ ನಿಂತರು. ಶ್ರೀಕಂಠಯ್ಯನವರು ಮೆಲ್ಲಗೆ ಕೇಳಿದರು. "ಕಾಗದದ ಮೇಲೆ ಸಹಿ ನಿಮ್ದೇ ಅಲ್ವಾ?" ನನ್ನದೇ ಅಂದೆ. ವಾಸ್ತು ಯಾಕೆ ಬಂತು ಎಂದು ಪದ್ಮಕ್ಕನಿಗೆ ಆಗಲೇ ಅರ್ಥವಾಗಿತ್ತು. ನನ್ನ ಮುಖ ನೋಡಲಾರದೆ ಕೆಸರಿನಿಂದ ಬಟ್ಟೆ ಹೆಕ್ಕತೊಡಗಿದರು.

ಅಲ್ಲಿಂದಲೇ ರಂಗರಾಜನ್ ಸಾರ್‌ಗೆ ಫೋನ್ ಮಾಡಿದೆ. ಅವರು ಅಂದದ್ದನ್ನು ಇಲ್ಲಿ ಬರೆಯುವುದಿಲ್ಲ. ಅವರ ದನಿ ಏರುತ್ತಲೇ ಹೋಯಿತು. ಆಶ್ಚರ್ಯವೆಂದರೆ ನಾನು ಹ್ಞೂಂ ಅನ್ನಲಿಲ್ಲ, ಅದಕ್ಕಿಂತ ದೊಡ್ಡ ಹೆದರಿಕೆ ನನ್ನೊಳಗೆ ಆಗಲೇ ತುಂಬಿಕೊಂಡಿತ್ತು. ನೀವು ಸಾರಂ ಕಳಿಸದಿದ್ದರೆ ನಾನೇ ಎಲ್ಲರಿಗೂ ಬರೆದುಕೊಡುತ್ತೇನೆ ಅಂದೆ. ಮಧ್ಯಾಹ್ನಕ್ಕೆ ಸಾರಂ ಬಂತು. ನನ್ನ ಕೆಲಸ ಏನಾಯಿತು, ನಿವೃತ್ತಿಗೆ ಎರಡು ವರ್ಷ ಮುಂಚೆಯೇ ಹೇಗೆ ಮನೆಗೆ ಬಂದೆ ಎನ್ನುವುದೆಲ್ಲ ಬೇರೆ ಕಥೆ, ಅದರಿಂದ ನೀವು ಕಲಿಯುವುದೇನೂ ಇಲ್ಲ.

ಮೊದಲು ನಾನೇ ಹತ್ತಿದೆ. ಮೂರು ಸಲ ನಿಂತು ಕಂಬ ತಬ್ಬಿಕೊಂಡೆ. ಆ ಕಲ್ಲಿನ ಅಂಚಿಗೆ ಎರಡು ಕೈ ಕೊಟ್ಟೆ. ಉಳಿ ಬೇಕಾಗಲಿಲ್ಲ, ಸುತ್ತಿಗೆ ಬೇಕಾಗಲಿಲ್ಲ. ಕಲ್ಲು ಹಾಗೇ ಕೈಗೆ ಬಂತು. ಹಿಂಬದಿಯ ಐದು ಉಂಡೆಗಳಲ್ಲಿ ನಾಲ್ಕು ಗೋಡೆಯನ್ನು ಮುಟ್ಟಿಯೇ ಇರಲಿಲ್ಲ. ಅದನ್ನು ಎದೆಗೆ ಅವಚಿಕೊಂಡು ಮೇಲೆಯೇ ಕೂತುಬಿಟ್ಟೆ. ಕೆಲಸದವರು ಹತ್ತಿ ಬಂದು ಬಿಡಿಸಿಕೊಂಡು, ಹಗ್ಗದಲ್ಲಿ ಇಳಿಸಿದರು. ಸಂಜೆಯೊಳಗೆ ಹನ್ನೊಂದೂ ಕೆಳಗೆ ಬಂದವು. ಅವುಗಳಲ್ಲಿ ಏಳು ಬರಿಗೈಗೆ ಬಂದವು.

ನಾನು ಇಳಿದಾಗ ಕಸ್ತೂರಿ ಮೊದಲ ಕಲ್ಲಿನ ಹತ್ತಿರ ನಿಂತಿದ್ದಳು. ದಿನವಿಡೀ ಇಸ್ತ್ರಿಪೆಟ್ಟಿಗೆ ಎತ್ತುವ ಕೈ ಅವಳದು. ಅದೇ ಕೈಯಿಂದ ಕಲ್ಲನ್ನು ಎತ್ತಲು ನೋಡಿದಳು, ಆಗಲಿಲ್ಲ, ಇನ್ನೊಂದು ಕೈಯನ್ನೂ ಕೊಟ್ಟಳು. ಎತ್ತಿ, ಮತ್ತೆ ಕೆಳಗಿಟ್ಟು, ಮೇಲೆ ಬರಿದಾದ ಜಾಗವನ್ನು ನೋಡಿದಳು.

"ನಿಮಗೆ ಎಷ್ಟು ದಿನದಿಂದ ಗೊತ್ತಿತ್ತು ಸಾರ್?"

"ಕಲ್ಲು ಮೂರು ತಿಂಗಳಿಂದ. ನೀನು ಕೆಳಗೆ ನಿಂತಿರೋದು ಎಂಟು ದಿನದಿಂದ."

ಅವಳು ಬೈಯುತ್ತಾಳೆ ಎಂದು ಕಾದೆ. ಅವಳು ಒದ್ದೆ ಬಟ್ಟೆಗಳನ್ನು ಗಾಡಿಗೆ ತುಂಬಿ, ರಸ್ತೆಯ ಆಚೆ ಬದಿಗೆ ತಳ್ಳಿಕೊಂಡು ಹೋದಳು.

ಉಳಿದ ಕಲ್ಲುಗಳನ್ನೂ ಬೇಡವೆಂದು ತೆಗೆಸಿ, ಗೋಡೆಗೆ ಬರೀ ಗಾರೆ ಮಾಡಿ ಬಣ್ಣ ಹೊಡೆಸಿದರು. ಆ ಕೆಲಸ ಮುಗಿಯುವವರೆಗೆ ನಾನು ದಿನಾ ಹೋಗುತ್ತಿದ್ದೆ, ಆಗ ಸಂಬಳವೂ ಇರಲಿಲ್ಲ, ಯಾರೂ ಬಾ ಎಂದು ಕರೆದಿರಲೂ ಇಲ್ಲ. ಸಾರಂ ಬಿಚ್ಚುವ ಹಿಂದಿನ ದಿನ ಮೇಲಿನಿಂದ ಕೆಳಗಿನವರೆಗೆ ಒಂದು ಗೇಣೂ ಬಿಡದೆ ತಟ್ಟಿದೆ. ಎಲ್ಲ ಕಡೆ ಗಟ್ಟಿ ಸದ್ದು. ಒಮ್ಮೆಯಲ್ಲ, ಎರಡು ಸಲ ತಟ್ಟಿದೆ.

ಪದ್ಮಕ್ಕ ಬಾಲ್ಕನಿಯಿಂದ ಕಸ್ತೂರಿಯನ್ನು ಕರೆದರು, ನೆರಳಿಗೆ ಬಾ ಎಂದು. ಅವಳು ಕೈಯಾಡಿಸಿ ಬೇಡ ಅಂದಳು. ನಾನು ರಸ್ತೆ ದಾಟಿ ಅವಳ ಹತ್ತಿರ ಹೋದೆ. ನೆತ್ತಿಯ ಮೇಲೆ ಬಿಸಿಲು, ಪೆಟ್ಟಿಗೆಯಲ್ಲಿ ಕೆಂಡ, ಅವಳ ರವಿಕೆ ಬೆನ್ನಿಗೆ ಅಂಟಿತ್ತು.

"ಗೋಡೆ ಪೂರ್ತಿ ನಾನೇ ತಟ್ಟಿ ನೋಡಿದೀನಿ ಕಸ್ತೂರಿ. ಈಗ ಏನೂ ಭಯವಿಲ್ಲ, ಬಂದು ನಿಂತ್ಕೋಬಹುದು" ಅಂದೆ.

ಅವಳು ಅಂಗಿಯ ತೋಳನ್ನು ನೇರ ಮಾಡಿ, ಇಸ್ತ್ರಿಪೆಟ್ಟಿಗೆಯನ್ನು ಅದರ ಮೇಲೆ ಒಮ್ಮೆ ಎಳೆದು, ತಲೆ ಎತ್ತದೆ ಕೇಳಿದಳು.

"ಹೇಳ್ತಿರೋದು ಯಾರು ಸಾರ್? ನೀವಾ?"